ಕಹಳೆಯ ದನಿಗೆ ತಕ್ಕಡಿ

ಕುಸ್ತಿಯ ಕಣದಲ್ಲಿ ಯಾರ ಬೆನ್ನು ಮಣ್ಣಿಗೆ ತಾಗಿತೋ ಅವನು ಸೋತನು. ಓಟದ ಪಂದ್ಯದಲ್ಲಿ ಗುರಿಯ ದಾರವನ್ನು ಯಾರ ಎದೆ ಮೊದಲು ಮುಟ್ಟಿತೋ ಅವನು ಗೆದ್ದನು. ಅಲ್ಲಿ ಸೋಲುಗೆಲವುಗಳಿಗೆ ಕಣ್ಣೇ ಸಾಕ್ಷಿ. ವಾದಕ್ಕೆ ಹೆಚ್ಚು ಎಡೆಯಿಲ್ಲ. ಹಾಡು, ಕುಣಿತ, ನಾಟಕಗಳನ್ನು ಪಂದ್ಯಕ್ಕೆ ಒಡ್ಡಿದಾಗ ಮಾತ್ರ ತೊಡಕು ಮೊದಲಾಗುತ್ತದೆ. ಒಂದು ಹಾಡು ಇನ್ನೊಂದಕ್ಕಿಂತ ಎಷ್ಟು ಪಾಲು ಚೆನ್ನಾಗಿತ್ತು ಎಂಬುದನ್ನು ಅಂಕಿಗಳಲ್ಲಿ ಹೇಳಲು ಬರುತ್ತದೆಯೆ? ಬರುವುದಾದರೆ ಆ ಅಂಕಿಯನ್ನು ಹೇಳುವ ಅಧಿಕಾರ ಯಾರದು? ಶಾಸ್ತ್ರ ಬಲ್ಲವನದೋ, ಕೇಳಿ ಕಣ್ಣೀರು ತಂದುಕೊಂಡವನದೋ? ನಮ್ಮ ಕಾಲೇಜುಗಳ ವಾರ್ಷಿಕೋತ್ಸವದಲ್ಲಿ ಬಹುಮಾನ ಘೋಷಿಸಿದ ಮರುಕ್ಷಣವೇ ಹಿಂದಿನ ಬೆಂಚುಗಳಿಂದ ಏಳುವ ಗುಜುಗುಜು ಈ ಪ್ರಶ್ನೆಯ ಚಿಕ್ಕ ರೂಪ. ಅದರ ದೊಡ್ಡ ರೂಪವನ್ನು ಕಾಣಬೇಕಾದರೆ ಅಮೆರಿಕದ ‘ಡ್ರಮ್ ಕೋರ್’ ಪಂದ್ಯಗಳತ್ತ ತಿರುಗಬೇಕು. ಅಲ್ಲಿ ಒಂದು ಅಂಕದ ನಲವತ್ತನೆಯ ಒಂದು ಪಾಲಿನಿಂದ ಇಡೀ ದೇಶದ ಅಗ್ರಪದವಿ ನಿರ್ಣಯವಾದದ್ದುಂಟು. ಮೂವತ್ತು ವರ್ಷಗಳ ಹಿಂದೆ ಎರಡನೆಯದಾಗಿ ನಿಂತ ದಳವೊಂದರ ವಿಷಯವಾಗಿ ರಸಿಕರು ಇಂದಿಗೂ ಮುಖ ಕೆಂಪಗೆ ಮಾಡಿಕೊಂಡು ವಾದಿಸುವುದುಂಟು.

ನಗಾರಿ-ಕಹಳೆಗಳ ದಳ

ಡ್ರಮ್ ಕೋರ್ ಎಂದರೆ ನಗಾರಿ ಕಹಳೆಗಳ ದಳ. ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ಪಂಜಿನ ಕವಾಯತನ್ನು ನೋಡಿದವರು, ಕತ್ತಲಲ್ಲಿ ನೂರಾರು ಜನ ಒಂದೇ ಮನಸ್ಸಿನಿಂದ ಸರಿದು ಆಕೃತಿಗಳನ್ನು ರಚಿಸುವ ಬಗೆಯನ್ನು ನೆನಪಿಗೆ ತಂದುಕೊಳ್ಳಲಿ. ಆ ಜನರೇ ಸರಿದಾಡುತ್ತ ಸರಿದಾಡುತ್ತಲೇ ಕಠಿನವಾದ ಸಂಗೀತವನ್ನು ನುಡಿಸುತ್ತಿದ್ದಾರೆಂದೂ, ನುಡಿಸುವವರೆಲ್ಲ ಹದಿಹರೆಯದ ಹುಡುಗ ಹುಡುಗಿಯರೆಂದೂ ಭಾವಿಸಿದರೆ ಡ್ರಮ್ ಕೋರಿನ ಒಂದು ಮಸುಕು ಚಿತ್ರ ಕಣ್ಣಿಗೆ ಕಟ್ಟೀತು. ನೂರು ಗಜ ಉದ್ದದ ಅಮೆರಿಕನ್ ಫುಟ್‌ಬಾಲ್ ಮೈದಾನವೇ ಅವರ ರಂಗಸ್ಥಳ. ನೂರೈವತ್ತಕ್ಕೂ ಮೀರಿದ ಸದಸ್ಯರಲ್ಲಿ ಸುಮಾರು ಅರ್ಧ ಮಂದಿ ಹಿತ್ತಾಳೆಯ ವಾದ್ಯಗಳನ್ನು ಊದುತ್ತಾರೆ. ಒಂದು ಗುಂಪು ಬಗೆಬಗೆಯ ಡ್ರಮ್‌ಗಳನ್ನು ಹೊತ್ತು ಬಾರಿಸುತ್ತದೆ. ಇನ್ನೊಂದು ಗುಂಪು ಮೈದಾನದ ಅಂಚಿನಲ್ಲಿ ಮರಿಂಬಾ ಮುಂತಾದ ವಾದ್ಯಗಳ ಮುಂದೆ ನಿಲ್ಲುತ್ತದೆ. ಉಳಿದವರು ‘ಕಲರ್ ಗಾರ್ಡ್’ ಎಂಬ ಹೆಸರಿನಿಂದ ಬಾವುಟ, ಕತ್ತಿ, ಮರದ ಬಂದೂಕುಗಳನ್ನು ಗಾಳಿಗೆ ಎಸೆದು ಹಿಡಿಯುತ್ತ ನರ್ತಿಸುತ್ತಾರೆ. ಹತ್ತು ಹನ್ನೆರಡು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಈ ಹತ್ತು ಹನ್ನೆರಡು ನಿಮಿಷಗಳಿಗಾಗಿ ಒಂದು ಇಡೀ ಬೇಸಗೆಯ ಬೆವರು ಸುರಿದಿರುತ್ತದೆ.

ಈ ಕಲೆಯ ತಾಯಿಬೇರು ಸೈನ್ಯದಲ್ಲಿದೆ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸಿಪಾಯಿಗಳು 1919ರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅದೂ, ಅದರಂಥ ಇತರ ಮಾಜಿ ಸೈನಿಕರ ಸಂಘಗಳೂ ಊರೂರುಗಳಲ್ಲಿ ಕಹಳೆ-ನಗಾರಿಗಳ ದಳಗಳನ್ನು ಪೋಷಿಸಿ ಪಂದ್ಯಗಳನ್ನು ಏರ್ಪಡಿಸಿದವು. ಚರ್ಚುಗಳೂ ಬಾಲಚರ ಸಂಘಗಳೂ ತಮ್ಮ ಹುಡುಗರು ಬೀದಿ ಪಾಲಾಗದಿರಲೆಂದು ಅವೇ ವಾದ್ಯಗಳನ್ನು ಅವರ ಕೈಗೆ ಕೊಟ್ಟವು. ನ್ಯೂಜೆರ್ಸಿಯ ಗಾರ್ಫೀಲ್ಡ್ ಎಂಬ ಊರಿನ ಹೋಲಿ ನೇಮ್ ಚರ್ಚಿನಲ್ಲಿ 1934ರಲ್ಲಿ ಹುಟ್ಟಿದ ‘ಕೆಡೆಟ್ಸ್’, ವಿಸ್ಕಾನ್ಸಿನ್ ಸಂಸ್ಥಾನದ ‘ಮ್ಯಾಡಿಸನ್ ಸ್ಕೌಟ್ಸ್’ (1938), ‘ಬಾಸ್ಟನ್ ಕ್ರುಸೇಡರ್ಸ್’ (1940), ಶಿಕಾಗೋದ ಒಂದು ಬಾಲಚರ ತಂಡದಿಂದ ಮೂಡಿದ ‘ಕ್ಯಾವಲಿಯರ್ಸ್’ (1948) ಇವೆಲ್ಲ ಆ ಕಾಲದ ಫಲಗಳು. 1960ರ ದಶಕದ ಕೊನೆಗೆ ದಳಗಳ ಮುಖಂಡರಿಗೆ ಮಾಜಿ ಸೈನಿಕರ ಸಂಘಗಳ ಕಟ್ಟುಪಾಡುಗಳು ಬಿಗಿಯೆನಿಸತೊಡಗಿದವು. ಮಕ್ಕಳು ನಮ್ಮವರು, ಶ್ರಮ ನಮ್ಮದು, ನಿಯಮ ಮಾತ್ರ ಬೇರೆಯವರದೇಕೆ ಎಂದು ಅವರು ಕೇಳಿದರು. ಹೀಗೆ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಎಂಬ ಸ್ವತಂತ್ರ ಸಂಸ್ಥೆ ಹುಟ್ಟಿ, 1972ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರ್ ಎಂಬಲ್ಲಿ ಅದರ ಮೊದಲನೆಯ ಮಹಾಪಂದ್ಯ ನಡೆಯಿತು. ಕ್ಯಾಲಿಫೋರ್ನಿಯದ ‘ಅನಹೈಮ್ ಕಿಂಗ್ಸ್‌ಮೆನ್’ ಆ ಸಲ ಗೆದ್ದರು. 2009ರಿಂದ ಅಂತಿಮ ಪಂದ್ಯ ಇಂಡಿಯಾನಾಪೊಲಿಸ್ ನಗರದ ದೊಡ್ಡ ಕ್ರೀಡಾಂಗಣದಲ್ಲಿ ನಡೆಯುತ್ತ ಬಂದಿದೆ. ಕೊನೆಯ ರಾತ್ರಿಗೆ ಉಳಿಯುವವು ಹನ್ನೆರಡೇ ದಳಗಳು.

ದೋಷಗಣನೆಯ ಕಾಲ

ಹಳೆಯ ಪಂದ್ಯಗಳ ತೀರ್ಪಿನ ಕ್ರಮ ಸೈನಿಕನಿಗೆ ಒಪ್ಪುವಂಥದಾಗಿತ್ತು. ತೀರ್ಪುಗಾರರು ಕೈಯಲ್ಲಿ ಹಲಗೆ, ಕಾಗದ, ಪೆನ್ಸಿಲು ಹಿಡಿದು ಮೈದಾನದ ಒಳಗೆ ಸಾಲುಗಳ ನಡುವೆಯೇ ಓಡಾಡುತ್ತಿದ್ದರು. ಒಬ್ಬನ ಹೆಜ್ಜೆ ಸಾಲಿನಿಂದ ಹೊರಗೆ ಬಿದ್ದಿತೆ? ಒಂದು ಗೀಟು. ಒಬ್ಬಳ ಕೋಲು ಉಳಿದವರಿಗಿಂತ ಕೂದಲೆಳೆಯಷ್ಟು ತಡವಾಗಿ ಡ್ರಮ್ಮಿಗೆ ಬಿದ್ದಿತೆ? ಇನ್ನೊಂದು ಗೀಟು. ಈ ಗೀಟಿಗೆ ‘ಟಿಕ್’ ಎಂದು ಹೆಸರು. ಒಂದು ಟಿಕ್ಕಿಗೆ ಹತ್ತನೆಯ ಒಂದು ಅಂಕ ನಷ್ಟ. ದಳವು ಪೂರ್ಣಾಂಕದೊಡನೆ ಮೈದಾನವನ್ನು ಪ್ರವೇಶಿಸಿ, ಹೆಜ್ಜೆಹೆಜ್ಜೆಗೂ ಕಳೆದುಕೊಳ್ಳುತ್ತ ಸಾಗಿ, ಕೊನೆಗೆ ಕಳೆದುಕೊಳ್ಳದೆ ಉಳಿದದ್ದನ್ನು ತನ್ನದೆಂದು ಮನೆಗೆ ಒಯ್ಯುತ್ತಿತ್ತು.

ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥ ಅಧ್ಯಾಪಕರಿಗೆ ಈ ಕ್ರಮ ಅಪರಿಚಿತವಲ್ಲ. ಕಾಗುಣಿತ ತಪ್ಪಿದರೆ ಅರ್ಧ ಅಂಕ, ವಿಭಕ್ತಿ ಜಾರಿದರೆ ಇನ್ನರ್ಧ ಎಂದು ಕೆಂಪು ಶಾಯಿಯಿಂದ ಕಳೆಯುತ್ತ ಹೋಗುವುದು ಸುಲಭ. ಅದರಲ್ಲಿ ಪಕ್ಷಪಾತದ ಅಪವಾದವೂ ಇಲ್ಲ. ತೊಂದರೆಯೆಂದರೆ, ಹಾಗೆ ತಿದ್ದಿದಾಗ ಏನನ್ನೂ ಹೇಳದ, ಆದರೆ ಎಲ್ಲಿಯೂ ತಪ್ಪದ ಪ್ರಬಂಧಕ್ಕೆ ಮೊದಲ ಸ್ಥಾನ ದೊರೆಯುತ್ತದೆ; ಹೊಸ ವಿಚಾರವನ್ನು ಹಿಡಿಯಲು ಹೋಗಿ ಎರಡು ಕಡೆ ಎಡವಿದ ಹುಡುಗ ಹಿಂದೆ ಬೀಳುತ್ತಾನೆ. ಡ್ರಮ್ ಕೋರಿನಲ್ಲಿಯೂ ಹೀಗೆಯೇ ಆಯಿತು. ಕಷ್ಟವಾದುದನ್ನು ಯತ್ನಿಸಿದ ದಳಕ್ಕೆ ತಪ್ಪುಗಳೂ ಹೆಚ್ಚು. ಸುಲಭವಾದುದನ್ನು ಶುದ್ಧವಾಗಿ ಮಾಡಿದ ದಳಕ್ಕೆ ನಷ್ಟ ಕಡಮೆ.

ನಮ್ಮ ಕಾವ್ಯಮೀಮಾಂಸಕರು ಈ ಜಾಗದಲ್ಲಿ ಬಹಳ ಹಿಂದೆಯೇ ನಿಂತು ಯೋಚಿಸಿದ್ದಾರೆ. ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ ಆರಂಭದ ಪರಿಚ್ಛೇದದಲ್ಲಿಯೇ ದೋಷ-ಅದೋಷಗಳ ವಿಚಾರವನ್ನು ಎತ್ತಿಕೊಳ್ಳುತ್ತದೆ. ಮಮ್ಮಟನು ಕಾವ್ಯದ ಲಕ್ಷಣವನ್ನು ಹೇಳುವಾಗ ಶಬ್ದಾರ್ಥಗಳು ದೋಷರಹಿತವಾಗಿರಬೇಕೆಂಬುದನ್ನೇ ಮೊದಲು ಇಟ್ಟನು. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ಅದನ್ನು ಒಪ್ಪಲಿಲ್ಲ. ದೋಷವೇ ಇಲ್ಲದುದು ಮಾತ್ರ ಕಾವ್ಯವೆಂದರೆ ಲೋಕದಲ್ಲಿ ಕಾವ್ಯವೇ ದುರ್ಲಭವಾದೀತು. ಹುಳು ಕೊರೆದ ಮಾತ್ರಕ್ಕೆ ರತ್ನವು ರತ್ನವಲ್ಲದೆ ಹೋಗುತ್ತದೆಯೆ ಎಂಬುದು ಅವನ ಆಕ್ಷೇಪದ ತಿರುಳು. ಅಮೆರಿಕದ ದಳಗಳ ಮುಖಂಡರು ವಿಶ್ವನಾಥನನ್ನು ಓದಿದವರಲ್ಲ. ಆದರೂ 1983ರ ಋತುವಿನೊಡನೆ ಅವರು ಟಿಕ್ ಪದ್ಧತಿಯನ್ನು ಕೈಬಿಟ್ಟು, 1984ರಿಂದ ಕಳೆಯುವ ಲೆಕ್ಕಕ್ಕೆ ಬದಲಾಗಿ ಕೂಡುವ ಲೆಕ್ಕವನ್ನು ತಂದರು. ದೋಷಗಣನೆ ಹೋಗಿ ಗುಣಪರೀಕ್ಷೆ ಬಂದಿತು.

ಈ ಬದಲಾವಣೆಗೆ ಹಿನ್ನೆಲೆಯಾಗಿ ಮೈದಾನದ ಚಿತ್ರವೂ ಬದಲಾಗುತ್ತಿತ್ತು. ಮೊದಲು ದಳಗಳು ಮೈದಾನದ ನಡುಗೆರೆಯ ಇಕ್ಕೆಲಗಳಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಸಮವಾಗಿ ಹರಡಿಕೊಳ್ಳುತ್ತಿದ್ದವು. ಗಾರ್ಫೀಲ್ಡ್ ಕೆಡೆಟ್ಸ್ ದಳಕ್ಕಾಗಿ ಜಾರ್ಜ್ ಜಿಂಗಾಲಿ ಎಂಬ ವಿನ್ಯಾಸಕಾರನು ಆ ಸಮತೆಯನ್ನು ಮುರಿದು, ಒಂದು ಕಡೆಗೆ ಹರಿದು ಇನ್ನೊಂದು ಕಡೆಗೆ ತಿರುಚಿಕೊಳ್ಳುವ ಆಕೃತಿಗಳನ್ನು ರಚಿಸಿದನು. ಆ ದಳ 1983, 1984, 1985 ಈ ಮೂರು ವರ್ಷವೂ ಒಂದೇ ಸಮನೆ ಗೆದ್ದಿತು. ಹಳೆಯ ರಸಿಕರು ಇದರಲ್ಲಿ ಶಿಸ್ತಿನ ನಾಶವನ್ನು ಕಂಡರು. ಹೊಸಬರು ಇದರಲ್ಲಿ ಕಲೆಯ ಹುಟ್ಟನ್ನು ಕಂಡರು. ಒಂದೇ ಸಾಲಿನ ಆಸನಗಳಲ್ಲಿ ಕುಳಿತವರ ನಡುವೆ ಆಗ ಬಿದ್ದ ಬಿರುಕು ಇಂದಿಗೂ ಪೂರ್ತಿ ಮುಚ್ಚಿಕೊಂಡಿಲ್ಲ.

ಪ್ರಾಶ್ನಿಕರೂ ಪ್ರೇಕ್ಷಕರೂ

ಈಗಿನ ಲೆಕ್ಕ ಹೀಗಿದೆ. ಒಟ್ಟು ನೂರು ಅಂಕ. ಅದರಲ್ಲಿ 40 ಅಂಕ ‘ಸಮಗ್ರ ಪರಿಣಾಮ’ಕ್ಕೆ, 30 ಅಂಕ ದೃಶ್ಯಕ್ಕೆ, 30 ಅಂಕ ಸಂಗೀತಕ್ಕೆ. ದೃಶ್ಯದಲ್ಲಿ ನಡೆಯ ನೈಪುಣ್ಯ, ರಚನೆಯ ವಿಶ್ಲೇಷಣೆ, ಕಲರ್ ಗಾರ್ಡ್ ಎಂದು ಮೂರು ಭಾಗ. ಸಂಗೀತದಲ್ಲಿ ಹಿತ್ತಾಳೆ ವಾದ್ಯ, ತಾಳವಾದ್ಯ, ವಿಶ್ಲೇಷಣೆ ಎಂದು ಮೂರು. ಈ ಒಂದೊಂದಕ್ಕೂ 20 ಅಂಕಗಳನ್ನು ಇಟ್ಟು, ಬಂದ ಮೊತ್ತವನ್ನು ಅರ್ಧಕ್ಕೆ ಇಳಿಸುತ್ತಾರೆ. ಅರ್ಧಕ್ಕೆ ಇಳಿಸುವುದರಿಂದಲೇ ಅಂಕದ ನೂರನೆಯ, ಸಾವಿರದನೆಯ ಪಾಲುಗಳು ಕಾಣಿಸಿಕೊಳ್ಳುತ್ತವೆ. ತೀರ್ಪುಗಾರರಲ್ಲಿ ಕೆಲವರು ಮೈದಾನದ ಮಟ್ಟದಲ್ಲಿ ಓಡಾಡುತ್ತ ಒಬ್ಬೊಬ್ಬರ ಉಸಿರನ್ನೂ ಹೆಜ್ಜೆಯನ್ನೂ ಗಮನಿಸುತ್ತಾರೆ. ಕೆಲವರು ಎತ್ತರದಲ್ಲಿ ಕುಳಿತು ಇಡಿಯಾದ ಪರಿಣಾಮವನ್ನು ತೂಗುತ್ತಾರೆ. ನೋಡುತ್ತ ನೋಡುತ್ತಲೇ ಅವರು ತಮ್ಮ ಅನಿಸಿಕೆಗಳನ್ನು ಧ್ವನಿಮುದ್ರಿಸುವುದುಂಟು. ದಳದ ಗುರುಗಳು ಅದನ್ನು ಕೇಳಿ ಮಾರನೆಯ ದಿನದ ಅಭ್ಯಾಸದಲ್ಲಿ ತಿದ್ದಿಕೊಳ್ಳುತ್ತಾರೆ.

ಭರತನ ನಾಟ್ಯಶಾಸ್ತ್ರದಲ್ಲಿ ಸಿದ್ಧಿಗಳನ್ನು ಕುರಿತ ಅಧ್ಯಾಯವನ್ನು ಓದಿದವರಿಗೆ ಇದು ಬೆರಗಾಗುವಷ್ಟು ಹತ್ತಿರದ್ದೆಂದು ತೋರೀತು. ನಾಟಕ ತಂಡಗಳ ನಡುವೆ ಪೈಪೋಟಿ ನಡೆದು ಗೆದ್ದವರಿಗೆ ಪತಾಕೆಯನ್ನು ಕೊಡುವ ಪದ್ಧತಿಯನ್ನು ಅಲ್ಲಿ ಹೇಳಿದೆ. ತೀರ್ಪು ಕೊಡತಕ್ಕವರು ‘ಪ್ರಾಶ್ನಿಕರು’. ನರ್ತನಕ್ಕೆ ನರ್ತಕ, ಛಂದಸ್ಸಿಗೆ ಛಂದಸ್ಸು ಬಲ್ಲವನು, ಶಬ್ದಕ್ಕೆ ವೈಯಾಕರಣ, ಆಯುಧಗಳ ಬಳಕೆಗೆ ಧನುರ್ವಿದ್ಯೆ ಬಲ್ಲವನು, ಹೀಗೆ ಒಂದೊಂದು ಅಂಗಕ್ಕೆ ಒಬ್ಬೊಬ್ಬ ತಜ್ಞ. ತಪ್ಪುಗಳಿಗೆ ‘ಘಾತ’ವೆಂದು ಹೆಸರು, ಅವನ್ನು ಬರೆದಿಡಲು ಲೇಖಕರು, ಎಣಿಸಲು ಗಣಕರು. ಭರತನು ಇಷ್ಟಕ್ಕೇ ನಿಲ್ಲಲಿಲ್ಲ. ಸಿದ್ಧಿಯನ್ನು ಅವನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸಿದನು. ಪ್ರೇಕ್ಷಕರ ನಗು, ಕಣ್ಣೀರು, ‘ಸಾಧು ಸಾಧು’ ಎಂಬ ಉದ್ಗಾರ, ಮೈಮರೆತು ಎದ್ದು ನಿಲ್ಲುವುದು ಇವೆಲ್ಲ ಮಾನುಷಿ ಸಿದ್ಧಿಯ ಗುರುತುಗಳು. ತುಂಬಿದ ಸಭೆಯಲ್ಲಿ ಸದ್ದಿಲ್ಲ, ಕ್ಷೋಭೆಯಿಲ್ಲ ಎಂಬಂಥ ಸ್ಥಿತಿ ದೈವಿಕಿ ಸಿದ್ಧಿ. ತಜ್ಞನ ಲೆಕ್ಕವೂ ಸಭೆಯ ಉಸಿರೂ ಎರಡೂ ಬೇಕೆಂದು ಒಪ್ಪಿಕೊಂಡ ಆಚಾರ್ಯನ ವಿವೇಕ ಇಲ್ಲಿದೆ. ಡ್ರಮ್ ಕೋರ್ ರಸಿಕರ ಜಗಳವೆಲ್ಲ, ಈ ಎರಡರ ನಡುವೆ ಬಿಟ್ಟುಹೋದ ಅಂತರದಲ್ಲಿ ಹುಟ್ಟಿಕೊಂಡದ್ದು.

ಮೂರು ಉದಾಹರಣೆಗಳು ಸಾಕು. 1993ರಲ್ಲಿ ‘ಸ್ಟಾರ್ ಆಫ್ ಇಂಡಿಯಾನ’ ಎಂಬ ದಳ ಬಾರ್ಬರ್ ಮತ್ತು ಬಾರ್ಟಾಕ್ ಎಂಬ ಇಬ್ಬರು ವಾಗ್ಗೇಯಕಾರರ ಕಠಿನವಾದ, ಕತ್ತಲು ಕವಿದಂಥ ಸಂಗೀತವನ್ನು ಎತ್ತಿಕೊಂಡಿತು. ಚಪ್ಪಾಳೆಯನ್ನು ಕರೆಯುವ ಒಂದು ಇಶಾರೆಯೂ ಅದರಲ್ಲಿ ಇರಲಿಲ್ಲ. ಕೆಲವರು ಮಂತ್ರಮುಗ್ಧರಾದರು, ಕೆಲವರು ಹೀಯಾಳಿಸಿ ಕೂಗಿದರು. ಅಂತಿಮ ರಾತ್ರಿ ಕೆಡೆಟ್ಸ್ 97.4 ಅಂಕ ಪಡೆದು ಗೆದ್ದರು; ಸ್ಟಾರ್ ಪಡೆದದ್ದು 97.3. ಆ ಋತುವೇ ಅದರ ಕೊನೆಯ ಪಂದ್ಯ. ಬಳಿಕ ಅದು ಸ್ಪರ್ಧೆಯನ್ನೇ ತೊರೆಯಿತು. ಆ ದಳದ ಬೇರಿನಿಂದಲೇ ಮುಂದೆ ‘ಬ್ಲಾಸ್ಟ್’ ಎಂಬ ರಂಗಪ್ರಯೋಗ ಚಿಗುರಿ, ನ್ಯೂಯಾರ್ಕಿನ ಬ್ರಾಡ್‌ವೇಯನ್ನು ಹೊಕ್ಕು, 2001ರಲ್ಲಿ ಟೋನಿ ಪ್ರಶಸ್ತಿಯನ್ನು ಪಡೆಯಿತು. ಅಂದು ಹೀಯಾಳಿಕೆಗೆ ಗುರಿಯಾದ ಪ್ರದರ್ಶನವನ್ನು ಇಂದಿನ ವಿನ್ಯಾಸಕಾರರು ತಮ್ಮ ಮೊದಲ ಪಾಠವೆಂದು ನೆನೆಯುತ್ತಾರೆ. ಇಲ್ಲಿ ತೀರ್ಪುಗಾರರು ಸಭೆಗಿಂತ ಮುಂದೆ ಇದ್ದರೆನ್ನಬೇಕು. ಸಭೆಯ ಒಂದು ಭಾಗ ಒಲ್ಲೆನೆಂದುದನ್ನು ಅವರು ಹತ್ತನೆಯ ಒಂದು ಅಂಕದಷ್ಟು ಹತ್ತಿರಕ್ಕೆ ಕರೆದು ಕೂರಿಸಿದರು.

1995ರ ಮಾತು ಇದಕ್ಕೆ ವಿರುದ್ಧ. ಆ ವರ್ಷ ಮ್ಯಾಡಿಸನ್ ಸ್ಕೌಟ್ಸ್ ದಳ ತನ್ನ ಪ್ರದರ್ಶನಕ್ಕೆ ‘ಡ್ರಮ್ ಕೋರ್ ಅಭಿಮಾನಿಯ ಕನಸು’ ಎಂಬ ಅರ್ಥದ ಹೆಸರನ್ನೇ ಇಟ್ಟು, ಸಭೆಯನ್ನು ಎಬ್ಬಿಸಿ ನಿಲ್ಲಿಸುವುದಕ್ಕಾಗಿಯೇ ಹೊರಟಿತು, ಎಬ್ಬಿಸಿತು ಕೂಡ. ತೀರ್ಪಿನಲ್ಲಿ ಅದಕ್ಕೆ ದೊರೆತದ್ದು ನಾಲ್ಕನೆಯ ಸ್ಥಾನ. ಗೆದ್ದದ್ದು ಕ್ಯಾವಲಿಯರ್ಸ್. ಆದರೆ ಆ ವರ್ಷವನ್ನು ನೆನೆಯುವ ರಸಿಕರಲ್ಲಿ ಎಷ್ಟೋ ಮಂದಿ ಮೊದಲು ನೆನೆಯುವುದು ನಾಲ್ಕನೆಯವರನ್ನು. ಪರಿಣಾಮಕ್ಕೆಂದೇ ನಲವತ್ತು ಅಂಕ ಇಟ್ಟಿರುವಾಗ ಇಪ್ಪತ್ತು ಸಾವಿರ ಜನರ ಮೇಲೆ ಆದ ಪರಿಣಾಮ ಲೆಕ್ಕಕ್ಕೆ ಬಾರದೆ ಹೋದದ್ದು ಹೇಗೆ ಎಂಬುದು ಅವರ ಪ್ರಶ್ನೆ. ತೀರ್ಪುಗಾರರ ಕಡೆಯ ಉತ್ತರವೂ ಅಲ್ಲಗಳೆಯುವಂಥದಲ್ಲ: ಕೂಗು ಎದ್ದಿತು ಎಂಬುದಕ್ಕಿಂತ ಅದನ್ನು ಎಬ್ಬಿಸಿದ ಬಗೆ ಎಂಥದು, ಅದರಲ್ಲಿ ಎಷ್ಟು ಆಳ, ಎಷ್ಟು ಹೊಸತನ ಇತ್ತು ಎಂಬುದನ್ನು ನೋಡುವುದು ನಮ್ಮ ಕೆಲಸ.

ಇನ್ನು 2008. ಇಲಿನಾಯ್ ಸಂಸ್ಥಾನದ ‘ಫ್ಯಾಂಟಮ್ ರೆಜಿಮೆಂಟ್’ ರೋಮಿನ ದಾಸರ ದಂಗೆಯ ನಾಯಕ ಸ್ಪಾರ್ಟಕಸ್‌ನ ಕಥೆಯನ್ನು ಮೈದಾನಕ್ಕೆ ತಂದಿತು. ತಾನೇ ಸ್ಪಾರ್ಟಕಸ್ ಎಂದು ದಳದವರು ಕೂಗಿದರೆ ಸಭೆಯೂ ಅದನ್ನೇ ಕೂಗುತ್ತಿತ್ತು. ಅಂತಿಮ ರಾತ್ರಿ ಅವರಿಗೆ 98.125, ಅತಿ ಹೆಚ್ಚು ಸಲ ಗೆದ್ದ ಕ್ಯಾಲಿಫೋರ್ನಿಯದ ‘ಬ್ಲೂ ಡೆವಿಲ್ಸ್’ ದಳಕ್ಕೆ 98.100. ಅಂತರ 0.025. ಆ ರಾತ್ರಿ ತಜ್ಞನ ತಕ್ಕಡಿಯೂ ಸಭೆಯ ಹೃದಯವೂ ಒಂದೇ ಕಡೆಗೆ ಬಾಗಿದವು; ಆದ್ದರಿಂದಲೇ ಅದು ಹಬ್ಬದಂತೆ ನೆನಪಿನಲ್ಲಿ ಉಳಿದಿದೆ. ಆದರೂ ತಣ್ಣಗೆ ಯೋಚಿಸಿದರೆ, ಅಂಕದ ನಲವತ್ತನೆಯ ಪಾಲು ಎಂಬುದು ಯಾವ ಮನುಷ್ಯನ ಕಿವಿಗೂ ಕೇಳಿಸುವ ಅಂತರವಲ್ಲ. ಒಬ್ಬ ತೀರ್ಪುಗಾರ ಒಂದೇ ಒಂದು ಸಲ ಕಣ್ಣು ಮಿಟುಕಿಸಿದ್ದರೆ ಫಲ ಬೇರೆಯಾಗುತ್ತಿತ್ತು. 1996, 1999, 2000ರಲ್ಲಿ ಎರಡೆರಡು ದಳಗಳು ಸಮಾನಾಂಕ ಪಡೆದು ಪದವಿಯನ್ನು ಹಂಚಿಕೊಂಡವು; ಅದೇ ಹೆಚ್ಚು ಪ್ರಾಮಾಣಿಕವಾದ ತೀರ್ಪೆಂದು ಹೇಳುವವರೂ ಇದ್ದಾರೆ.

ಅಂಕಗಳ ವಿಷಯದಲ್ಲಿ ರಸಿಕರ ಇನ್ನೊಂದು ದೂರು ಹೆಚ್ಚು ಗಂಭೀರವಾದುದು. ಋತುವಿನ ಆರಂಭದಲ್ಲಿಯೇ ಯಾವ ದಳ ಎಷ್ಟನೆಯದು ಎಂಬ ಒಂದು ಭಾವನೆ ನೆಲೆಗೊಳ್ಳುತ್ತದೆ. ಬಳಿಕ ತೀರ್ಪುಗಾರರು ತಿಳಿದೋ ತಿಳಿಯದೆಯೋ ಆ ಗೂಡುಗಳಲ್ಲಿಯೇ ದಳಗಳನ್ನು ಇಡುತ್ತ ಹೋಗುತ್ತಾರೆ. ಹಳೆಯ ಹೆಸರಿಗೆ ಅಂಕ ಬೀಳುತ್ತದೆ, ಹೊಸ ದಳ ಎಷ್ಟು ಚೆನ್ನಾಗಿ ನುಡಿಸಿದರೂ ಮೇಲಕ್ಕೆ ಏರುವುದಿಲ್ಲ ಎಂಬುದು ಆ ದೂರು. ಇದು ಪೂರ್ತಿ ಸುಳ್ಳೆನ್ನಲು ಬಾರದು. ಹಿಂದಿನ ಪರೀಕ್ಷೆಯ ಮೊದಲಿಗನ ಉತ್ತರಪತ್ರಿಕೆಯನ್ನು ತೆರೆಯುವ ಅಧ್ಯಾಪಕನ ಕಣ್ಣಿಗೂ ಒಂದು ಪೂರ್ವಗ್ರಹ ಇದ್ದೇ ಇರುತ್ತದೆ. ಪೂರ್ತಿ ನಿಜವೆನ್ನಲೂ ಬಾರದು. ಬಾಸ್ಟನ್ ಕ್ರುಸೇಡರ್ಸ್ ದಳ ಈ ಸಂಸ್ಥೆಯ ಅಂತಿಮ ರಾತ್ರಿಯ ಹನ್ನೆರಡರಲ್ಲಿ ಮೊದಲ ಸಲ ಸೇರಿದ್ದು 1999ರಲ್ಲಿ; ಮೊದಲ ಸಲ ಗೆದ್ದದ್ದು 2025ರಲ್ಲಿ, ತಾನು ಹುಟ್ಟಿ ಎಂಬತ್ತೈದು ವರ್ಷಗಳಾದ ಮೇಲೆ. ಗೂಡುಗಳು ಇದ್ದರೂ ಅವುಗಳಿಗೆ ಬೀಗವಿಲ್ಲ ಎಂದಷ್ಟೇ ಹೇಳಬಹುದು.

ಪರಂಪರೆ ಎಂಬುದು ಯಾವುದು?

ಅಂಕದ ವಾದಕ್ಕಿಂತಲೂ ಹಿರಿದಾದುದು ಪರಂಪರೆಯ ವಾದ. ಸೈನ್ಯದ ಬ್ಯೂಗಲ್ ಕಹಳೆಗೆ ಬೆರಳಿನಿಂದ ಒತ್ತುವ ಕವಾಟಗಳೇ ಇರಲಿಲ್ಲ. ಅದರಲ್ಲಿ ನುಡಿಸಬಹುದಾದ ಸ್ವರಗಳೂ ಕೆಲವೇ. ಪಂದ್ಯಗಳು ಬೆಳೆದಂತೆ ವಾದ್ಯವೂ ಬೆಳೆಯಿತು. 1977ರಲ್ಲಿ ಎರಡು ಕವಾಟಗಳ ಬ್ಯೂಗಲಿಗೆ, 1990ರಲ್ಲಿ ಮೂರು ಕವಾಟಗಳದಕ್ಕೆ ಒಪ್ಪಿಗೆ ದೊರೆಯಿತು. 2000ದಲ್ಲಿ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಆಗಬಹುದೆಂದಾಯಿತು. ಅಲ್ಲಿಗೆ ಬ್ಯೂಗಲ್ ಎಂಬುದು ಹೆಸರಿನಲ್ಲಿ ಮಾತ್ರ ಉಳಿಯಿತು. 2004ರಲ್ಲಿ ಧ್ವನಿವರ್ಧಕ ಬಂದಿತು; 2009ರಲ್ಲಿ ವಿದ್ಯುನ್ಮಾನ ವಾದ್ಯಗಳು ಬಂದವು. 2014ರಲ್ಲಿ ಓಹಾಯೋದ ‘ಬ್ಲೂಕೋಟ್ಸ್’ ದಳ ವಿದ್ಯುನ್ಮಾನ ಧ್ವನಿಯನ್ನೂ ಹಿತ್ತಾಳೆಯನ್ನೂ ಬೆರೆಸಿ ಸ್ವರವನ್ನೇ ಬಾಗಿಸಿ ಜಾರಿಸಿತು. 2016ರಲ್ಲಿ ಅದೇ ದಳ ಸೈನಿಕರ ಟೋಪಿ, ತುರಾಯಿಗಳನ್ನು ಕಳಚಿ, ಮೈದಾನದಲ್ಲಿ ಇಳಿಜಾರು ಹಲಗೆಗಳನ್ನು ಇಟ್ಟು ಅವುಗಳ ಮೇಲಿಂದ ಜಾರುತ್ತ ಗೆದ್ದಿತು. ಆ ಬಳಿಕ ಹಲವು ದಳಗಳು ಸಮವಸ್ತ್ರದ ಬದಲು ನಾಟಕದ ವೇಷವನ್ನು ತೊಟ್ಟುವು.

ಒಂದೊಂದು ಮೆಟ್ಟಿಲಿನಲ್ಲಿಯೂ ಹಳೆಯ ರಸಿಕರು ‘ಇನ್ನು ಇದು ಡ್ರಮ್ ಕೋರ್ ಅಲ್ಲ’ ಎಂದು ನಿಟ್ಟುಸಿರು ಬಿಟ್ಟಿದ್ದಾರೆ. ತಮ್ಮನ್ನು ತಾವೇ ‘ಡೈನೋಸಾರ್‌ಗಳು’ ಎಂದು ಕರೆದುಕೊಂಡು ನಗುವಷ್ಟು ಹೃದಯವಂತಿಕೆ ಅವರಲ್ಲಿದೆ. ಅವರ ಆಕ್ಷೇಪವನ್ನು ಬರಿಯ ಮುದಿತನವೆಂದು ತಳ್ಳಿಹಾಕುವುದು ಅನ್ಯಾಯ. ಬಯಲಿನಲ್ಲಿ ನಿಂತು, ಯಾವ ಯಂತ್ರದ ಹಂಗೂ ಇಲ್ಲದೆ, ಶ್ವಾಸಕೋಶದ ಬಲದಿಂದಲೇ ಕ್ರೀಡಾಂಗಣವನ್ನು ತುಂಬುವುದು ಈ ಕಲೆಯ ವ್ರತವಾಗಿತ್ತು. ಧ್ವನಿವರ್ಧಕದ ಒಂದು ಗುಂಡಿ ಆ ವ್ರತವನ್ನು ಮುರಿಯಿತು ಎಂಬ ಅವರ ನೋವು ಕ್ಷೇಮೇಂದ್ರನು ಹೇಳುವ ಔಚಿತ್ಯದ ಪ್ರಶ್ನೆಯೇ. ಹಾರವು ಚೆಲುವಾಗಿರಬಹುದು, ಆದರೆ ಅದು ಸೊಂಟಕ್ಕೆ ಕಟ್ಟುವುದಲ್ಲವಲ್ಲ! ಅದಕ್ಕೆ ಹೊಸಬರ ಮರುಮಾತು: ನೀವು ಪರಂಪರೆ ಎನ್ನುವುದು ನೀವು ಹದಿನೆಂಟರ ಹರೆಯದಲ್ಲಿ ಕಂಡದ್ದನ್ನು. ಎರಡು ಕವಾಟದ ಕಹಳೆಯೂ ಒಂದು ಕಾಲಕ್ಕೆ ಹೊಸತೇ ಆಗಿತ್ತು.

ಈ ವಾದದಲ್ಲಿ ಎರಡು ಪಕ್ಷದವರೂ ಒಂದು ವಿಷಯವನ್ನು ಮರೆಯುತ್ತಾರೆಂದು ನನಗೆ ತೋರುತ್ತದೆ. ವಾದ್ಯ ಬದಲಾಯಿತು, ವೇಷ ಬದಲಾಯಿತು, ತೀರ್ಪಿನ ಕಾಗದ ಎಷ್ಟೋ ಸಲ ಬದಲಾಯಿತು. ಬದಲಾಗದೆ ಉಳಿದದ್ದು ತೀರ್ಪಿನ ಕಾಗದದಲ್ಲಿ ಜಾಗವಿಲ್ಲದ ಸಂಗತಿಗಳು. ಮ್ಯಾಡಿಸನ್ ಸ್ಕೌಟ್ಸ್ ದಳದವರು ತಮ್ಮ ದಳಗೀತೆಯಾದ ‘ಯೂ ವಿಲ್ ನೆವರ್ ವಾಕ್ ಅಲೋನ್’ ಹಾಡನ್ನು ಇಂದಿಗೂ ಒಟ್ಟಾಗಿ ನಿಂತು ಹಾಡುತ್ತಾರೆ. ಅದಕ್ಕೆ ಒಂದು ಅಂಕವೂ ಇಲ್ಲ. ‘ಸ್ಯಾಂಟ ಕ್ಲಾರ ವ್ಯಾನ್‌ಗಾರ್ಡ್’ ದಳ 1970ರ ದಶಕದಲ್ಲಿ ‘ಫಿಡ್ಲರ್ ಆನ್ ದ ರೂಫ್’ ಸಂಗೀತನಾಟಕದಿಂದ ಎತ್ತಿಕೊಂಡ ಸೀಸೆಯ ನೃತ್ಯವನ್ನು ಆ ಬಳಿಕವೂ ಮರಳಿ ಮಾಡಿದಾಗ, ಅದನ್ನು ಎಂದೂ ನೋಡಿರದ ಹುಡುಗರೂ ತಮ್ಮ ಅಜ್ಜನ ಮನೆಯ ವಸ್ತುವೊಂದನ್ನು ಕಂಡಂತೆ ಹಿಗ್ಗಿದರು. ಬ್ಲೂಕೋಟ್ಸ್ ಮೈದಾನಕ್ಕೆ ಇಳಿದಾಗ ಸಭೆ ‘ಬ್ಲೂ’ ಎಂದು ದೀರ್ಘವಾಗಿ ಎಳೆದು ಕೂಗುತ್ತದೆ. ಹೊಸದಾಗಿ ಬಂದವನಿಗೆ ಅದು ಛೀಮಾರಿಯಂತೆ ಕೇಳಿಸುತ್ತದೆ, ಬಲ್ಲವನಿಗೆ ಅದು ಅಕ್ಕರೆಯ ಕರೆ.

ಎಲ್ಲಕ್ಕಿಂತ ಮನಸ್ಸನ್ನು ಕಲಕುವುದು ವಯಸ್ಸಿನ ಕಟ್ಟಳೆ. ಇಪ್ಪತ್ತೆರಡರ ಅಂಚು ದಾಟಿದವರಿಗೆ ದಳದಲ್ಲಿ ಜಾಗವಿಲ್ಲ. ಇವರಾರೂ ಸಂಬಳದ ವಾದ್ಯಗಾರರಲ್ಲ; ಸಾವಿರಾರು ಡಾಲರುಗಳ ಶುಲ್ಕವನ್ನು ತಾವೇ ಕೂಡಿಸಿ ತೆತ್ತು ಸೇರಿದವರು. ರಾತ್ರಿಯೆಲ್ಲ ಬಸ್ಸಿನಲ್ಲಿ ಪಯಣ, ಯಾವುದೋ ಶಾಲೆಯ ವ್ಯಾಯಾಮಮಂದಿರದ ನೆಲದ ಮೇಲೆ ನಾಲ್ಕು ತಾಸು ನಿದ್ದೆ, ಹಗಲೆಲ್ಲ ಬಿಸಿಲಿನಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ, ಮತ್ತೆ ಬಸ್ಸು. ಹೀಗೆ ಬೇಸಗೆಗಳನ್ನು ಸವೆಸಿದವನು ತನ್ನ ಕೊನೆಯ ಅಂತಿಮ ರಾತ್ರಿ ಮೈದಾನದಿಂದ ಹೊರಡುವಾಗ ತನ್ನ ಬೂಟುಗಳನ್ನು ಅಲ್ಲಿಯೇ ಹುಲ್ಲಿನ ಮೇಲೆ ಬಿಟ್ಟು ಬರಿಗಾಲಿನಲ್ಲಿ ನಡೆದುಹೋಗುವ ವಾಡಿಕೆಯಿದೆ. ಗೆದ್ದ ದಳದವನೂ ಬಿಡುತ್ತಾನೆ. ಹನ್ನೆರಡನೆಯದಾಗಿ ನಿಂತ ದಳದವನೂ ಬಿಡುತ್ತಾನೆ. ಸಾಲಾಗಿ ಬಿದ್ದ ಆ ಬೂಟುಗಳಲ್ಲಿ ಯಾವುದು 98ರದು, ಯಾವುದು 88ರದು ಎಂದು ಹೇಳಬಲ್ಲವರು ಯಾರು?

ಅಂಕಗಳಿಗೆ ಕಾಣದಿರುವುದು ಒಳ್ಳೆಯದು ಮಾತ್ರವೇ ಅಲ್ಲ ಎಂಬ ಮಾತನ್ನೂ ಇಲ್ಲಿ ಮುಚ್ಚಿಡಬಾರದು. ಹತ್ತು ಸಲ ಅಗ್ರಪದವಿಯನ್ನು ಪಡೆದ ಕೆಡೆಟ್ಸ್ ದಳದ ದೀರ್ಘಕಾಲದ ನಿರ್ದೇಶಕನ ಮೇಲೆ 2018ರಲ್ಲಿ ಹಲವು ಮಹಿಳೆಯರು ಲೈಂಗಿಕ ದೌರ್ಜನ್ಯದ ಆಪಾದನೆಗಳನ್ನು ಮಾಡಿದರು. ಅವನು ಸ್ಥಾನವನ್ನು ಬಿಟ್ಟುಕೊಟ್ಟನು. ಹಿಂದಿನ ದಶಕಗಳಲ್ಲಿ ದಳದೊಳಗೆ ನಡೆಯಿತೆನ್ನಲಾದ ದೌರ್ಜನ್ಯವನ್ನು ಕುರಿತ ಮೊಕದ್ದಮೆಯ ಭಾರವನ್ನು ಹೊರಲಾರದೆ, ತೊಂಬತ್ತು ವರ್ಷದ ಆ ದಳ 2024ರಲ್ಲಿ ಬಾಗಿಲು ಮುಚ್ಚಿತು. ಸಾಲು ನೇರವ��ಗಿದೆಯೆ, ಸ್ವರ ಶುದ್ಧವಾಗಿದೆಯೆ ಎಂದು ನೋಡಲು ಎಷ್ಟು ಕಣ್ಣುಗಳಿದ್ದವು! ಆ ಸಾಲಿನಲ್ಲಿ ನಿಂತ ಮಕ್ಕಳು ಕ್ಷೇಮವಾಗಿದ್ದಾರೆಯೆ ಎಂದು ನೋಡುವ ಅಂಕಣ ಮಾತ್ರ ಆ ಕಾಗದದಲ್ಲಿ ಇರಲಿಲ್ಲ. ಗೆಲವಿನ ಹೊಳಪು ಸಂಸ್ಥೆಯ ಒಳಗಿನ ಕತ್ತಲನ್ನು ಮರೆಮಾಡಬಲ್ಲುದು ಎಂಬ ಪಾಠ ಡ್ರಮ್ ಕೋರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಫಲಿತಾಂಶದ ಶೇಕಡಾವಾರನ್ನೇ ಹಿರಿಮೆಯೆಂದು ಸಾರುವ ಯಾವ ಶಾಲೆ ಕಾಲೇಜಿಗೂ ಅದು ಸಲ್ಲುತ್ತದೆ.

ಹಾಗಾದರೆ ಅಂಕಗಳನ್ನೇ ತೆಗೆದುಬಿಡಬಹುದೆ? 2020ರಲ್ಲಿ ಮಹಾವ್ಯಾಧಿಯಿಂದಾಗಿ ಇಡೀ ಋತುವೇ ರದ್ದಾಯಿತು. 2021ರಲ್ಲಿ ದಳಗಳು ಕೂಡಿದವು, ನುಡಿಸಿದವು, ಆದರೆ ಪಂದ್ಯವಿರಲಿಲ್ಲ. ಮತ್ತೆ ಒಂದೆಡೆ ಸೇರಿದ ಸಂತೋಷ ಎಲ್ಲರಿಗೂ ಇತ್ತು. ಆದರೂ 2022ರಲ್ಲಿ ಪಂದ್ಯ ಮರಳಿದಾಗ ಯಾರೂ ಬೇಡವೆನ್ನಲಿಲ್ಲ. ಇದಕ್ಕೆ ಕಾರಣವಿದೆ. ಅಂಕವು ತರುಣನಿಗೆ ಮಾರನೆಯ ದಿನ ಏಳುವುದಕ್ಕೆ ಒಂದು ನೆಪ. ನಿನ್ನೆಗಿಂತ ಇಂದು ಹತ್ತನೆಯ ಒಂದು ಪಾಲಾದರೂ ಮೇಲಕ್ಕೆ ಏರಿದೆನೆಂಬ ಸಮಾಧಾನ. ಗುರುವಿಗೆ ಅದು ತಿದ್ದಬೇಕಾದ ಜಾಗವನ್ನು ತೋರಿಸುವ ಬೆರಳು. ರಸಿಕನಿಗೆ ಅದು ವಾದಿಸಲು ಒಂದು ಗೂಟ. ವಾದವಿಲ್ಲದ ಕಡೆ ಪ್ರೀತಿಯೂ ಬೇಗನೆ ಒಣಗುತ್ತದೆ. 2014ರಲ್ಲಿ ಬ್ಲೂ ಡೆವಿಲ್ಸ್ ಪಡೆದ 99.65 ಈ ಪಂದ್ಯಗಳ ಇತಿಹಾಸದಲ್ಲಿಯೇ ಅತಿ ಹೆಚ್ಚಿನ ಅಂಕ. ಪರಿಪೂರ್ಣತೆಗೆ ಅಲ್ಲಿ ಉಳಿದಿದ್ದುದು 0.35. ಆ ಉಳಿದ ಪಾಲನ್ನು ಯಾವ ದಳವೂ ಇನ್ನೂ ದಾಟಿಲ್ಲ. ದಾಟದಿರುವುದೇ ಒಳಿತೆಂದು ತೋರುತ್ತದೆ. ನೂರಕ್ಕೆ ನೂರು ಎಂದ ದಿನ ತೀರ್ಪುಗಾರನು ತನ್ನ ತಕ್ಕಡಿಯ ಮೇಲೆ ಇನ್ನು ತೂಗುವುದೇನೂ ಇಲ್ಲವೆಂದು ಹೇಳಿದಂತಾಗುತ್ತದೆ.

ತಕ್ಕಡಿ ಬೇಕು. ಅದರಲ್ಲಿ ತೂಗಲು ಬರುವುದನ್ನು ಪ್ರಾಮಾಣಿಕವಾಗಿ ತೂಗಲೂ ಬೇಕು. ತೂಗಿ ಮುಗಿದ ಮೇಲೆ, ತೂಗಲು ಬಾರದೆ ಹೊರಗೆ ಉಳಿದದ್ದು ಎಷ್ಟೆಂದು ಒಮ್ಮೆ ಸುತ್ತ ನೋಡುವ ವಿನಯವೂ ಇರಬೇಕು. ಭರತನು ಪ್ರಾಶ್ನಿಕರನ್ನೂ ಗಣಕರನ್ನೂ ನೇಮಿಸಿದ ಮೇಲೆಯೂ ಸಭೆಯ ಕಣ್ಣೀರಿಗೆ ಸಿದ್ಧಿಯೆಂಬ ಹೆಸರನ್ನು ಕೊಟ್ಟದ್ದು ಆ ವಿನಯದಿಂದ. ಅಮೆರಿಕದ ಕ್ರೀಡಾಂಗಣಗಳಲ್ಲಿ ಪ್ರತಿ ಆಗಸ್ಟಿನಲ್ಲಿ ಅಂಕಗಳನ್ನು ಓದಿ ಹೇಳಿದ ಮೇಲೆ ಸಭೆ ಚದುರುತ್ತದೆ, ದೀಪಗಳು ಒಂದೊಂದಾಗಿ ಆರುತ್ತವೆ. ಮುಂದಿನ ವರ್ಷದ ದಳಕ್ಕೆ ಸೇರಲಿರುವ ಹದಿನಾರರ ಹುಡುಗನೊಬ್ಬ ಕೊನೆಯ ಸಾಲಿನಲ್ಲಿ ಆಗಲೂ ಕುಳಿತಿರುತ್ತಾನೆ. ಅವನ ಕಿವಿಯಲ್ಲಿ ಉಳಿದಿರುವುದು ಅಂಕಿಯಲ್ಲ, ಕಹಳೆ.